ಮನೆಯ ಇವರು, ಕೋಣೆಯ ಇವರು

ಮನೆಗಳಿಗೂ ಉಸಿರಾಡಲು ಬಂದರೆ ಹೇಗಿರುತ್ತದೆ ಎಂದು ಹೊರಗಿನವರು ಕೇಳಿದಾಗ ನನಗೆ ನಗು ಬರುತ್ತದೆ. ನಮ್ಮ ಕೆಂಗುಡ್ಡದಲ್ಲಿ ಹುಟ್ಟಿದ ಮಕ್ಕಳಿಗೆ ಉಸಿರಾಡದ ಮನೆಯೂ ಇರುತ್ತದೆ ಎಂಬುದೇ ಗೊತ್ತಿಲ್ಲ. ನಮ್ಮ ಹಿಂದಿನವರು ಇಲ್ಲಿನ ಅದಿರಿನ ಗುಡ್ಡಗಳನ್ನು ಬಗೆದು ಬಗೆದು ಬಯಲು ಮಾಡಿಟ್ಟು ಹೋದರು. ಬೇಸಿಗೆ ಬಂತೆಂದರೆ ಆ ಬಯಲಿನಿಂದ ಏಳುವ ಗಾಳಿಗೆ ನಾವು ಕೆಂಗಾಳಿ ಎನ್ನುತ್ತೇವೆ. ಒಮ್ಮೆ ಎದ್ದರೆ ಮೂರು ದಿನ ಬಿಡುವುದಿಲ್ಲ. ಗೋಧಿ ಹಿಟ್ಟಿಗಿಂತ ನುಣುಪಾದ ಕೆಂಪು ಧೂಳು, ಮೂಗಿಗೆ ಬಟ್ಟೆ ಕಟ್ಟಿದರೂ ಎದೆಯೊಳಗೆ ಇಳಿಯುತ್ತದೆ.

ಅದಕ್ಕೇ ಪ್ರತಿ ಮನೆಯ ಮಾಳಿಗೆಯ ಮೇಲೆ ಒಂದು ಗಾಳಿಪೆಟ್ಟಿಗೆ ಇದೆ. ಅದು ಹೊರಗಿನ ಗಾಳಿಯನ್ನು ಸೋಸಿ ಮನೆಯೊಳಗೆ ತಳ್ಳುತ್ತದೆ. ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಒಂದಿಷ್ಟು ಹೆಚ್ಚಿಗೆ ಇಟ್ಟಿರುತ್ತದೆ. ಹಾಗಿದ್ದಾಗ ಬಾಗಿಲ ಸಂದಿಯಿಂದ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನ ಧೂಳು ಒಳಗೆ ಬರುವುದಿಲ್ಲ. ವಿಜ್ಞಾನ ಇಷ್ಟೇ. ಸಾಧಾರಣ ದಿನ ಒತ್ತಡದ ಅಂಕಿ ಐದು ಇದ್ದರೆ ಸಾಕು. ಕೆಂಗಾಳಿ ಎದ್ದಾಗ ಇಪ್ಪತ್ತೈದಕ್ಕೆ ಏರಬೇಕು.

ಏರಿಸುವವರು ನಾವು, ಅಂದರೆ ಗಾಳಿಕಚೇರಿಯವರು. ನನ್ನ ಹೆಸರು ನೀಲಾಂಬಿಕೆ. ಊರಿನ ಗಾಳಿಪೆಟ್ಟಿಗೆಗಳನ್ನೆಲ್ಲ ನಡೆಸುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದು ಜಾವಾದಲ್ಲಿದೆ. ನಮ್ಮ ಅಜ್ಜಿಯ ಕಾಲದವರು ಕಾಲೇಜಿನಲ್ಲಿ ಕಲಿತ ಭಾಷೆ. ಹೊಸ ಭಾಷೆಗಳು ಎಷ್ಟೋ ಬಂದವು, ಹೋದವು. ಜಾವಾ ಮಾತ್ರ ಜಪ್ಪಯ್ಯ ಎಂದರೂ ಜಾಗ ಬಿಡಲಿಲ್ಲ. ಅದನ್ನು ಮೊದಲು ಬರೆದ ಹಿರಿಯರು ಹಟಮಾರಿಗಳು. ಹೆಸರುಗಳನ್ನು ಯಾವ ಲಿಪಿಯಲ್ಲಿ ಬೇಕಾದರೂ ಇಡಲು ಜಾವಾ ಬಿಡುತ್ತದೆ ಎಂದು ಗೊತ್ತಾದದ್ದೇ ತಡ, ಎಲ್ಲವನ್ನೂ ಕನ್ನಡ ಮಾಡಿಬಿಟ್ಟರು. ಮನೆಗೆ ಒಂದು ಕ್ಲಾಸ್, ಅಂದರೆ ಅದರ ಗುಣ, ಕೆಲಸಗಳನ್ನು ಬರೆದಿಟ್ಟ ನಕ್ಷೆ, ಅದರ ಹೆಸರು 'ಮನೆ'. ಅದರೊಳಗೆ ಇನ್ನೊಂದು ಕ್ಲಾಸ್, ಹೆಸರು 'ಕೋಣೆ'. ಜಾವಾದ ಸ್ವಂತ ಪದಗಳನ್ನು ಬದಲಿಸಲು ಅವರಿಗೂ ಆಗಲಿಲ್ಲ. ಹಾಗೆ ಉಳಿದುಕೊಂಡ ಒಂದು ಪದ 'ದಿಸ್'. ದಿಸ್ ಎಂದರೆ ಇದು, ಇವನು, ಇವರು. ಮಾತಾಡುತ್ತಿರುವ ವಸ್ತು ತನ್ನನ್ನೇ ತೋರಿಸಿಕೊಳ್ಳುವ ಪದ.

ಈ ಕಥೆಯೆಲ್ಲ ಆ ಒಂದು ಪದದ ಸುತ್ತಲೇ ಇದೆ. ತಪ್ಪು ನನ್ನದು. ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ನನ್ನ ಮಾವ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಬಂಡೆ ಕೊರೆದವರು. ಶ್ವಾಸಕೋಶದಲ್ಲಿ ಅರ್ಧ ಊರಿನ ಧೂಳಿದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಒಂಬತ್ತು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಅಂಥವರು ಕೆಂಗುಡ್ಡದಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಅವರಿಗಾಗಿ ನಾವು ಕಳೆದ ವರ್ಷ ಒಳಕೋಣೆಯ ಯೋಜನೆ ತಂದೆವು. ಮನೆಯ ಒಂದು ಕೋಣೆಗೆ ಬೇರೆಯದೇ ಸೋಸುಬಟ್ಟೆ, ಬೇರೆಯದೇ ಕವಾಟ, ಮನೆಗಿಂತ ತುಸು ಹೆಚ್ಚು ಒತ್ತಡ. ಮನೆಯೊಳಗೆ ಅಷ್ಟಿಷ್ಟು ಧೂಳು ನುಸುಳಿದರೂ ಆ ಕೋಣೆಗೆ ಬರಬಾರದು. ಅದಕ್ಕೆ ಬೇಕಾದ ಪ್ರೋಗ್ರಾಮ್ ಬರೆದವಳು ನಾನು.

ಸಂಕ್ರಾಂತಿಯ ಮಾರನೆಯ ದಿನ ನಮ್ಮ ಮನೆಯ ಒಳಕೋಣೆ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಮಾವ ಹಾಸಿಗೆಯ ಮೇಲೆ ಮೆಲ್ಲಗೆ ಬೆನ್ನು ಚಾಚಿದರು. ಅತ್ತೆ ಹುಲಿಗೆಮ್ಮ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಐದು ನಿಮಿಷಕ್ಕೆ ಗೊರಕೆ ಕೇಳಿಸಿತು.

"ಬಿದ್ಕೊಂಡು ಗೊರಕಿ ಹೊಡಿಯಾಕತ್ತಾರ ನೋಡವ್ವ ನಮ್ಮನಿಯವ್ರು," ಎಂದು ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು. ಎರಡು ಸಾಲು ಪ್ರೋಗ್ರಾಮಿಗೆ ಯಾರಾದರೂ ಹೀಗೆ ಕೈ ಹಿಡಿದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಹೋಳಿಯ ಹಿಂದಿನ ವಾರ ವರ್ಷದ ಮೊದಲ ಗಾಳಿ ಎದ್ದಿತು. ಸಣ್ಣದು, ಎರಡು ತಾಸಿನದು. ಅಷ್ಟಕ್ಕೇ ಫೋನುಗಳು ಹೊಡೆದುಕೊಳ್ಳತೊಡಗಿದವು. ಎಲ್ಲ ಒಳಕೋಣೆ ಇದ್ದ ಮನೆಗಳದೇ ದೂರು, ಎಲ್ಲವೂ ಒಂದೇ ತರಹ. ನಡುಮನೆಯೆಲ್ಲ ಧೂಳು. ಒಳಕೋಣೆ ಸ್ವಚ್ಛ, ಆದರೆ ಅದರ ಬಾಗಿಲು ತೆಗೆಯಲು ಬರುವುದಿಲ್ಲ. ಆ ಬಾಗಿಲುಗಳು ಕೋಣೆಯ ಒಳಕ್ಕೆ ತೆರೆಯುವಂಥವು. ಒಳಗೆ ಒತ್ತಡ ವಿಪರೀತ ಏರಿದರೆ ಇಬ್ಬರು ಸೇರಿ ನೂಕಿದರೂ ಜಗ್ಗುವುದಿಲ್ಲ.

ನಮ್ಮ ಕಚೇರಿಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮಾತ್ರ ಪ್ರತಿ ಮನೆಯೂ ಹಸಿರಾಗಿತ್ತು. ಒತ್ತಡ ಬೇಕಾದಷ್ಟಿದೆ, ಚಿಂತೆ ಇಲ್ಲ ಎಂದು ಅದರ ಅರ್ಥ.

"ಪರದಿ ಹಸಿರೈತಿ. ಅಂದ್ರ ಜನಾನೇ ಬಾಗ್ಲ ತಗದಿಟ್ಟಿರ್ತಾರ," ಎಂದರು ನಮ್ಮ ಮುಖ್ಯಸ್ಥ ಎರ್ರಿಸ್ವಾಮಿ. ಒಳ್ಳೆಯ ಮನುಷ್ಯ, ಆದರೆ ಪರದೆ ಹೇಳಿದ್ದೇ ವೇದವಾಕ್ಯ.

"ಸರ್, ಮೂರು ಸಾವಿರ ಮನಿಯವ್ರು ಒಮ್ಮಿಗೇ ಬಾಗ್ಲ ತಗದಿಡ್ತಾರೇನ್ರಿ? ನಮ್ಮನ್ಯಾಗೂ ಹಿಂಗ ಆಗೇತಿ."

ಅವರು ತಲೆ ಕೆರೆದುಕೊಂಡರು. ಬುಧವಾರ ಸಂಜೆಗೆ ದೊಡ್ಡ ಕೆಂಗಾಳಿ ಬರುವುದಿತ್ತು. ಆಗಲೇ ಸೋಮವಾರ. ಕೊನೆಗೆ ಅವರೊಂದು ತೀರ್ಮಾನಕ್ಕೆ ಬಂದರು: ಬುಧವಾರ ಮಧ್ಯಾಹ್ನದೊಳಗೆ ತಪ್ಪು ಸಿಗದಿದ್ದರೆ ರೋಗಿಗಳನ್ನೆಲ್ಲ ಬಸ್ಸಿನಲ್ಲಿ ದೂರದ ಶಿಬಿರಕ್ಕೆ ಸಾಗಿಸಿ ಒಳಕೋಣೆಗಳನ್ನು ಪೂರ್ತಿ ನಿಲ್ಲಿಸುವುದು. ಯೋಜನೆ ಅಲ್ಲಿಗೆ ಮುಗಿದಂತೆ.

ಮನೆಯಲ್ಲಿ ಮಾವನಿಗೆ ವಿಷಯ ತಿಳಿಸಿದೆ. ಅವರು ಮಾತಿಗೆ ಮುಂಚೆ ಎರಡು ಸಲ ಉಸಿರು ಕೂಡಿಸಿಕೊಳ್ಳುತ್ತಾರೆ. "ನಾ ಬಸ್ ಹತ್ತಂಗಿಲ್ಲವ್ವ. ಒಂಬತ್ತು ವರ್ಷ ಆದಮ್ಯಾಲ ಬೆನ್ನು ನೆಲ ಕಂಡೈತಿ. ಅದನ್ನ ಕಸಗೋಬ್ಯಾಡ್ರಿ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಂಗಳವಾರವಿಡೀ ನನ್ನದೇ ಸಾಲುಗಳನ್ನು ಓದಿದೆ. ನೂರು ಸಲ ಓದಿರಬೇಕು. ಕೆಲಸದ ವಿವರ ಹೀಗೆ: ನಡುಮನೆಯಲ್ಲಿ ಧೂಳು ಕಂಡರೆ ಒಳಕೋಣೆಯ ಯಂತ್ರವು ಮನೆಯ ಒತ್ತಡವನ್ನು ಏರಿಸಬೇಕು. ಇನ್ನೂ ಧೂಳಿದ್ದರೆ ಇನ್ನೂ ಏರಿಸಬೇಕು. ನಾನು ಬರೆದದ್ದು 'ದಿಸ್.ಒತ್ತಡ'ವನ್ನು ಏರಿಸು ಎಂದು. ಎಷ್ಟು ಸಲ ಓದಿದರೂ ನನ್ನ ಕಣ್ಣಿಗೆ ಅದು ಮನೆಯ ಒತ್ತಡವೆಂದೇ ಕಂಡಿತು. ಕಡತದ ಹೆಸರು 'ಮನೆ', ನಾನು ಯೋಚಿಸುತ್ತಿದ್ದದ್ದು ಮನೆಯನ್ನು, ಹಾಗಾಗಿ 'ಇದು' ಎಂದರೆ ಮನೆಯಲ್ಲದೆ ಇನ್ನೇನು?

ಸಂಜೆಯ ಹೊತ್ತಿಗೆ ಬೇರೆ ದಾರಿ ಹಿಡಿದೆ. ಮನೆಯ ಒತ್ತಡವನ್ನು ಒಂದು ಚೀಟಿಯಲ್ಲಿ ಬರೆದಂತೆ ತಾತ್ಕಾಲಿಕ ವೇರಿಯಬಲ್ಲಿನಲ್ಲಿ ಇಟ್ಟು, ಅದನ್ನು ಕೋಣೆಯ ಕೈಯಿಂದ ತಿದ್ದಿಸೋಣ ಎಂದುಕೊಂಡೆ. ಬರೆದದ್ದನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುಖಕ್ಕೆ ಹೊಡೆದಂತೆ ಹೇಳಿತು: ಒಳಗಿನ ಕ್ಲಾಸ್ ಬಳಸುವ ಹೊರಗಿನ ಚೀಟಿ ಬದಲಾಗುವಂತಿಲ್ಲ, ಅದು ಫೈನಲ್ ಆಗಿರಬೇಕು. ಜಾವಾದ ನ್ಯಾಯವೇ ಹಾಗೆ. ಒಳಗಿನವನಿಗೆ ಸಿಗುವುದು ಚೀಟಿಯ ನಕಲು. ನಕಲನ್ನು ಒಬ್ಬ, ಅಸಲನ್ನು ಒಬ್ಬ ತಿದ್ದುತ್ತ ಕೂತರೆ ಯಾವುದನ್ನು ನಂಬುವುದು? ಅದಕ್ಕೇ ಯಾರೂ ತಿದ್ದಬೇಡಿ ಎನ್ನುತ್ತದೆ. ಕೆಲವರು ಅದನ್ನು ಒಂದು ಅರೇಯಲ್ಲಿ, ಅಂದರೆ ಅಂಕಿಗಳನ್ನು ಸಾಲಾಗಿ ಇಡುವ ಪೆಟ್ಟಿಗೆಯಲ್ಲಿ, ಇಟ್ಟು ಜಾವಾಕ್ಕೆ ಟೋಪಿ ಹಾಕುತ್ತಾರೆ. ನಾನೂ ಹಾಕಿದೆ. ಕಂಪೈಲರ್ ಸುಮ್ಮನಾಯಿತು. ಚೀಟಿಯಲ್ಲಿ ಅಂಕಿ ಏರಿತು, ಮನೆಯ ಒತ್ತಡ ಮಾತ್ರ ಕೂತಲ್ಲೇ ಕೂತಿತ್ತು. ಟೋಪಿ ಬಿದ್ದದ್ದು ನನಗೆ.

ಬುಧವಾರ ಬೆಳಗ್ಗೆ ನಾನು ಕಚೇರಿಗೆ ಹೊರಟಾಗ ಆಕಾಶ ತಿಳಿಯಾಗಿತ್ತು. ಆದರೆ ಕೆಂಗಾಳಿ ಹವಾಮಾನದವರ ಮಾತು ಕೇಳುವುದಿಲ್ಲ. ಹನ್ನೆರಡೂವರೆಗೆ, ಬಸ್ಸುಗಳು ಊರು ಮುಟ್ಟುವ ಮೊದಲೇ, ಪಡುವಣ ಕೆಂಪಾಗಿ ಎದ್ದು ಬಂತು. ಕಿಟಕಿಯಾಚೆ ರಸ್ತೆಯೇ ಕಾಣದಾಯಿತು. ಇನ್ನು ಯಾರನ್ನೂ ಎಲ್ಲಿಗೂ ಸಾಗಿಸುವಂತಿರಲಿಲ್ಲ.

ಪರದೆ ಹಸಿರಾಗಿಯೇ ಇತ್ತು, ಅಂಕಿಗಳು ಮಾತ್ರ ಏರುತ್ತಿದ್ದವು. ತೊಂಬತ್ತು, ನೂರ ಹತ್ತು, ನೂರ ಮೂವತ್ತು. ಎರ್ರಿಸ್ವಾಮಿ ನನ್ನ ಬೆನ್ನ ಹಿಂದೆ ಬಂದು ನಿಂತರು.

"ನೀಲಾ ಮೇಡಂ, ಇನ್ನೂರೈವತ್ತಕ್ಕ ಹೋದ್ರ ಕಿಟಕಿ ಗಾಜು ಒಡಿತಾವು. ಆಮ್ಯಾಲ ಧೂಳು ಸೀದಾ ರೋಗಿ ಮುಖಕ್ಕ. ಅಷ್ಟ್ರಾಗ ನಾ ಸ್ವಿಚ್ ತೆಗೀಲೇಬೇಕು."

"ತೆಗದ್ರ ಕೋಣಿ ಒತ್ತಡ ಇಳದು ನಡುಮನಿ ಧೂಳು ಒಳಗ ಹೋಗ್ತೈತ್ರಿ ಸರ್. ನಮ್ಮ ಮಾವ ಒಂದು ತಾಸು ತಡ್ಯಂಗಿಲ್ಲ."

"ನನಗೂ ಗೊತ್ತೈತವ್ವ," ಎಂದರು. ಮೇಡಂ ಹೋಗಿ ಅವ್ವ ಬಂದಿತ್ತು. ಅವರ ತಾಯಿಯೂ ಒಂದು ಒಳಕೋಣೆಯಲ್ಲಿದ್ದರು.

ನಾನು ಮನೆಗೆ ಫೋನ್ ಮಾಡಿದೆ. ನನ್ನ ಗಂಡ ಪಂಪಾಪತಿ ಅಂದು ಮನೆಯಲ್ಲೇ ಇದ್ದರು. ಹೆಸರು ಬರೆಯಲು ನನಗೆ ಸಂಕೋಚವಿಲ್ಲ, ಬಾಯಲ್ಲಿ ಹೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ನಮ್ಮ ಕಡೆ ಹೆಂಡತಿ ಗಂಡನನ್ನು 'ಇವರು' ಎನ್ನುತ್ತಾಳೆ, ಮುಗಿಯಿತು. ಅತ್ತೆಯಂತೂ ನಲವತ್ತಾರು ವರ್ಷದ ಸಂಸಾರದಲ್ಲಿ ಮಾವನ ಹೆಸರನ್ನು ಒಂದು ಸಲವೂ ಎತ್ತಿದವರಲ್ಲ.

ಫೋನ್ ಎತ್ತಿದ್ದು ಅತ್ತೆ. ಗಾಳಿಯ ಸದ್ದಿನಲ್ಲಿ ನಾನು ಅರ್ಧಂಬರ್ಧ ಕೂಗಿದೆ: "ಅತ್ತಿ, ಎಲ್ಲಾ ಸರಿ ಐತೇನ್ರಿ? ಇವ್ರು?"

"ಇವ್ರು ಒಳಕೋಣ್ಯಾಗ ಆರಾಮ ಅದಾರವ್ವ. ಗಂಜಿ ಕುಡದು ಮಲಗ್ಯಾರ. ನೀ ಏನೂ ಚಿಂತಿ ಮಾಡಬ್ಯಾಡ."

ಸಮಾಧಾನವಾಯಿತು. ಎಲ್ಲರೂ ಒಳಕೋಣೆ ಸೇರಿಕೊಂಡಿದ್ದಾರೆ, ಸದ್ಯ ಬಚಾವು ಎಂದುಕೊಂಡು ಕೆಲಸಕ್ಕೆ ತಿರುಗಿದೆ. ಹತ್ತು ನಿಮಿಷಕ್ಕೆ ನನ್ನ ಫೋನ್ ಬಡಿದುಕೊಂಡಿತು. ನನ್ನ ಗಂಡ. ಮಾತಿಗಿಂತ ಕೆಮ್ಮೇ ಹೆಚ್ಚು.

"ನೀಲಾ, ನಡುಮನ್ಯಾಗ ಏನೂ ಕಾಣವಲ್ದು. ಹಸಿ ಟವಲ್ ಕಟ್ಕೊಂಡು ಕುಂತೀನಿ. ಒಳಕೋಣಿ ಬಾಗ್ಲ ನೂಕಿ ನೂಕಿ ಸಾಕಾತು."

"ನೀವು ನಡುಮನ್ಯಾಗ ಯಾಕದೀರಿ? ಒಳಗ ಆರಾಮ ಮಲಗ್ಯಾರ ಅಂತ ಅತ್ತಿ ಹೇಳಿದ್ರಲ್ರಿ!"

"ಏ, ಅವ್ವ ಹೇಳಿದ್ದು ಅಪ್ಪನ ಸುದ್ದಿ! ಗಂಜಿ ಕೊಡಾಕ ಒಳಗ ಹೋದಾಕಿ ಅಲ್ಲೇ ಸಿಕ್ಕೊಂಡಾಳ. ಅವ್ವನ ಬಾಯಾಗ 'ಇವ್ರು' ಅಂದ್ರ ನಾ ಹೆಂಗ ಆಗ್ತೀನಿ?"

ನಾನು ಫೋನ್ ಹಿಡಿದುಕೊಂಡು ಹಾಗೇ ಎದ್ದು ನಿಂತೆ.

ನಾನು ಕೇಳಿದ್ದು ನನ್ನ ಇವರನ್ನು. ಉತ್ತರ ಕೊಟ್ಟದ್ದು ಅತ್ತೆ, ಅವರು ಹೇಳಿದ್ದು ತಮ್ಮ ಇವರನ್ನು. ಅವರು ಸುಳ್ಳು ಹೇಳಿರಲಿಲ್ಲ. ಪದ ಒಂದೇ, ಯಾರ ಬಾಯಲ್ಲಿದೆ ಎಂಬುದರ ಮೇಲೆ ಮನುಷ್ಯ ಬೇರೆಯಾಗುತ್ತಾನೆ. ಹಾಗಾದರೆ ಕೋಣೆಯ ಬಾಯಲ್ಲಿ 'ದಿಸ್' ಎಂದರೆ ಯಾರು? ಕೋಣೆಯೇ. ಅದು ಮನೆಯ ಹೊಟ್ಟೆಯೊಳಗೆ ಇದ್ದರೂ, ಕಡತದ ಹೆಸರು ಮನೆ ಎಂದಿದ್ದರೂ, ತನ್ನನ್ನೇ ತೋರಿಸಿಕೊಳ್ಳುತ್ತದೆ.

ಮೊದಲು ಕೋಣೆಗೆ ತನ್ನದೇ ಒತ್ತಡ ಎಂಬ ವೇರಿಯಬಲ್ ಇರಲಿಲ್ಲ. ಆಗ ಕೋಣೆ 'ಒತ್ತಡ' ಎಂದರೆ ಜಾವಾ ಕೋಣೆಯಲ್ಲಿ ಹುಡುಕಿ, ಸಿಗದೆ, ಮನೆಯದನ್ನು ತಂದುಕೊಡುತ್ತಿತ್ತು. ಕೋಣೆಯಲ್ಲಿ ಬೆಂಕಿಪೊಟ್ಟಣ ಇಲ್ಲದಿದ್ದರೆ ಅಡುಗೆಮನೆಯಿಂದ ತರುವುದಿಲ್ಲವೇ, ಹಾಗೆ. ಕಳೆದ ವರ್ಷ ನಾನು ಕೋಣೆಗೂ ಒಂದು ಒತ್ತಡ ಕೊಟ್ಟೆ, ಬೇರೆ ಹೆಸರು ಹುಡುಕಲು ಸೋಮಾರಿತನ ಮಾಡಿ ಅದೇ ಹೆಸರಿಟ್ಟೆ. ಅಲ್ಲಿಂದ ಮನೆಯದು ಮರೆಯಾಯಿತು. ಗೊಂದಲವಾಗದಿರಲೆಂದು ಮುಂದೆ 'ದಿಸ್' ಬೇರೆ ಸೇರಿಸಿ ಸರಿಯಾಗಿ ಬೀಗ ಜಡಿದೆ.

ಈಗ ಎಲ್ಲ ಹೊಂದಿಕೊಂಡಿತು. ಧೂಳು ಕಂಡಾಗಲೆಲ್ಲ ಕೋಣೆ ತನ್ನ ಒತ್ತಡವನ್ನೇ ಏರಿಸಿಕೊಂಡಿದೆ. ನಡುಮನೆಯ ಧೂಳು ಹೋಗಿಲ್ಲ, ಅದಕ್ಕೇ ಇನ್ನೂ ಏರಿಸಿಕೊಂಡಿದೆ. ಮನೆ ಪಾಪ ಐದರಲ್ಲೇ ಕೂತಿದೆ. ನಮ್ಮ ಪರದೆಯೂ ಮನೆ ಹೇಗಿದೆ ಎಂದು ಕೇಳಿದಾಗ ಫೋನ್ ಎತ್ತಿದ್ದು ಕೋಣೆ, ಆರಾಮ ಇದ್ದೇನೆ ಎಂದದ್ದು ಕೋಣೆ. ಒಳಕೋಣೆ ಪರೀಕ್ಷೆ ಮಾಡಿದ್ದು ಧೂಳೇ ಇಲ್ಲದ ಚಳಿಗಾಲದಲ್ಲಿ. ಗೊತ್ತಾಗುವುದಾದರೂ ಹೇಗೆ?

"ಸಿಕ್ತು ಸರ್!" ಎಂದು ನಾನು ಕಿರುಚಿದ್ದಕ್ಕೆ ಎರ್ರಿಸ್ವಾಮಿಯವರ ಕೈಯಲ್ಲಿದ್ದ ಚಹಾ ಚೆಲ್ಲಿತು.

ಮದ್ದು ಜಾವಾದಲ್ಲಿ ಮೊದಲಿಂದಲೂ ಇದೆ. 'ಮನೆ.ದಿಸ್.ಒತ್ತಡ' ಎಂದು ಬರೆಯಬೇಕು. ನನ್ನ ಇವರಲ್ಲ, ಮನೆಯ ಇವರು ಎಂದು ಬಿಡಿಸಿ ಹೇಳಿದಂತೆ. ಹನ್ನೊಂದು ಕಡೆ ತಿದ್ದಿದೆ. ಕೋಣೆಯದಕ್ಕೆ 'ಕೋಣೆಒತ್ತಡ' ಎಂದು ಬೇರೆ ಹೆಸರೇ ಇಟ್ಟೆ, ಇನ್ನು ಜನ್ಮದಲ್ಲಿ ಗೊಂದಲ ಬೇಡ ಎಂದು. ಚೀಟಿ, ಅರೇ, ಟೋಪಿ ಎಲ್ಲವನ್ನೂ ಕಿತ್ತು ಬಿಸಾಕಿದೆ. ಕಂಪೈಲರ್ ಒಂದು ಮಾತೂ ಆಡಲಿಲ್ಲ.

ಪರದೆಯಲ್ಲಿ ಅಂಕಿ ಇನ್ನೂರ ಹತ್ತು.

"ಮೊದಲು ಒಂದ್ ಮನ್ಯಾಗ ಹಾಕಿ ನೋಡ್ಬೇಕು," ಎಂದರು ಎರ್ರಿಸ್ವಾಮಿ. "ತಪ್ಪಿದ್ರ ಆ ಕೋಣಿ ಒತ್ತಡ ಸೊನ್ನಿಗೆ ಬೀಳ್ತೈತಿ. ಯಾರ ಮನ್ಯಾಗ ಹಾಕೂಣು?"

ಇಬ್ಬರಿಗೂ ಉತ್ತರ ಗೊತ್ತಿತ್ತು. "ನಮ್ಮನ್ಯಾಗ ಹಾಕ್ರಿ," ಎಂದೆ. ಮಾಡಿದ ತಪ್ಪಿಗೆ ಬೇರೆಯವರ ಮಾವನನ್ನು ಒಡ್ಡುವುದು ನನ್ನಿಂದಾಗುವ ಮಾತಲ್ಲ.

ಆದರೆ ಕಚೇರಿಗೊಂದು ನಿಯಮವಿದೆ. ರೋಗಿ ಇರುವ ಕೋಣೆಯ ಪ್ರೋಗ್ರಾಮ್ ಬದಲಿಸುವ ಮೊದಲು, ಒಳಗಿರುವವರು ಯಾರೆಂದು ಜೊತೆಗಿದ್ದವರೊಬ್ಬರು ಪೂರ್ತಿ ಹೆಸರು ಹೇಳಿ ಒಪ್ಪಿಗೆ ಕೊಡಬೇಕು, ಅದು ಧ್ವನಿಮುದ್ರಣವಾಗಬೇಕು. ಆ ಮುದ್ರಣವಿಲ್ಲದೆ ಯಂತ್ರ ಹೊಸ ಪ್ರೋಗ್ರಾಮನ್ನು ಮುಟ್ಟುವುದೇ ಇಲ್ಲ. ಕೋಣೆಯಲ್ಲಿ ಮಾವನ ಜೊತೆಗಿದ್ದವರು ಅತ್ತೆ ಒಬ್ಬರೇ.

ಎರ್ರಿಸ್ವಾಮಿ ಫೋನನ್ನು ಸ್ಪೀಕರಿಗೆ ಹಾಕಿದರು. "ಅಮ್ಮಾರ, ಒಳಗ ಇರೋರು ಯಾರ್ರಿ?"

"ನಮ್ಮನಿಯವ್ರು ಅದಾರ್ರಿ."

"ಹೆಸರು ಹೇಳ್ರಿ."

"ನೀಲವ್ವನ ಮಾವ."

ಯಂತ್ರದಲ್ಲಿ ಕೆಂಪು ದೀಪ ಮಿಣುಕಿತು. ಒಪ್ಪಿಗೆ ಇಲ್ಲ.

"ಹೆಸರ್ರಿ ಅಮ್ಮಾರ, ಹೆಸರು!"

"ನಮ್ಮ ಪಂಪಾಪತಿಯ ಅಪ್ಪ." ಮತ್ತೆ ಕೆಂಪು. ಅಂಕಿ ಇನ್ನೂರ ಇಪ್ಪತ್ತೆಂಟು. ಹಿಂದಿನಿಂದ ಮಾವನ ಕ್ಷೀಣ ದನಿ ಕೇಳಿಸಿತು: "ಮದ್ವ್ಯಾಗೂ ಇಕಿ ಹಿಂಗ ಮಾಡಿದ್ಲು. ಗಂಡನ ಹೆಸರಿಟ್ಟು ಒಗಟು ಹೇಳಂದ್ರ ಕಣ್ಣಾಗ ನೀರು ತಂದ್ಲು."

ನಾನು ಫೋನಿನ ಹತ್ತಿರ ಬಾಗಿದೆ. "ಅತ್ತಿ, ನಾ ಅಂಜೀನ್ರಿ. ನಿಮ್ಮ 'ಇವ್ರು' ಯಂತ್ರಕ್ಕ ತಿಳ್ಯಂಗಿಲ್ಲ. ಬಿಡಿಸಿ ಹೇಳ್ರಿ. ಹೇಳಿದ್ರ ಮಾವಾರು ಉಳಿತಾರ."

ಅಂಕಿ ಇನ್ನೂರ ಮೂವತ್ತಾರು. ಎರ್ರಿಸ್ವಾಮಿಯವರ ಬೆರಳು ಸ್ವಿಚ್ಚಿನ ಮೇಲಿತ್ತು.

ಆಮೇಲೆ ಅತ್ತೆಯ ದನಿ ಬಂತು. ಮೆತ್ತಗಲ್ಲ, ಓಣಿಯ ತುದಿಗೆ ಕೇಳುವಷ್ಟು ಗಟ್ಟಿಯಾಗಿ.

"ಗಾದಿಲಿಂಗಪ್ಪ! ತಳವಾರ ಗಾದಿಲಿಂಗಪ್ಪ! ನನ್ನ ಗಂಡ! ಹಾಕವ್ವ ಅದೇನ್ ಹಾಕ್ತಿ!"

ದೀಪ ಹಸಿರಾಯಿತು. ನಾನು ಗುಂಡಿ ಒತ್ತಿದೆ.

ಪರದೆಯಲ್ಲಿ ನಮ್ಮ ಮನೆ ಕೆಂಪಾಯಿತು, ಒತ್ತಡ ಐದು. "ಕೆಟ್ಟಿತು!" ಎಂದರು ಎರ್ರಿಸ್ವಾಮಿ.

"ಇಲ್ರಿ ಸರ್, ತಡೀರಿ. ಇಷ್ಟ್ ದಿನ ಕೋಣಿ ಮಾತಾಡ್ತಿತ್ತು. ಈಗ ಮನಿ ಮಾತಾಡಾಕತ್ತೈತಿ."

ಐದು ಒಂಬತ್ತಾಯಿತು. ಹದಿನಾಲ್ಕು. ಇಪ್ಪತ್ತು. ಇತ್ತ ಕೋಣೆಯದು ಇನ್ನೂರ ನಲವತ್ತರ ಹತ್ತಿರದಿಂದ ಮೆಲ್ಲಗೆ ಇಳಿದು ನಲವತ್ತರಲ್ಲಿ ಗಟ್ಟಿಯಾಗಿ ನಿಂತಿತು. ಮನೆ ಇಪ್ಪತ್ತೈದು ಮುಟ್ಟಿದ ಕ್ಷಣ ಸ್ಪೀಕರಿನಲ್ಲಿ ಧೊಪ್ಪೆಂದು ಏನೋ ಬಿದ್ದ ಸದ್ದು, ಅದರ ಹಿಂದೆಯೇ ಮಾವನ ನಗು.

"ನೀಲವ್ವ, ನಿನ್ನ 'ಇವ್ರು' ನನ್ನ ಕಾಲ್ ಮ್ಯಾಲ ಬಿದ್ದಾರ ನೋಡು! ಬಾಗ್ಲಕ್ಕ ಭುಜ ಕೊಟ್ಟು ನಿಂತಿದ್ನಂತ!"

ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಎರ್ರಿಸ್ವಾಮಿ ಈಗ ಕೇಳಲೂ ಇಲ್ಲ. ಒಂದು ಮನೆಯಲ್ಲಿ ಸರಿಯೆಂದು ಕಂಡ ಪ್ರೋಗ್ರಾಮಿಗೆ ಮಾತ್ರ ಸಲ್ಲುವ ತುರ್ತಿನ ಅಧಿಕಾರ ಬಳಸಿ ಇಡೀ ಊರಿಗೆ ಹೊಸ ಪ್ರೋಗ್ರಾಮ್ ಬಿಟ್ಟರು. ಫೋನಿನಲ್ಲಿ ಕೂತವರೆಲ್ಲ ದಾಖಲೆಗೆಂದು ಮನೆಮನೆಯಿಂದ ಹೆಸರು ಹೇಳಿಸಿದರು. ಆ ಮಧ್ಯಾಹ್ನ ಕೆಂಗುಡ್ಡದಲ್ಲಿ ಎಷ್ಟು ಹೆಂಗಸರು ಮೊದಲ ಸಲ ಗಂಡನ ಹೆಸರು ಕೂಗಿದರೋ ಲೆಕ್ಕವಿಟ್ಟವರಿಲ್ಲ. ಪರದೆ ಒಮ್ಮೆ ಪೂರ್ತಿ ಕೆಂಪಾಯಿತು. ನಾನು ಆ ಪರದೆಯ ಮೇಲೆ ಕಂಡ ಮೊದಲ ನಿಜ ಅದು. ಆಮೇಲೆ ಒಂದೊಂದೇ ಮನೆ ಹಸಿರಾಗುತ್ತ ಬಂದು, ನಾಲ್ಕೂ ಹತ್ತಕ್ಕೆ ಕೊನೆಯ ಮನೆಯೂ ಹಸಿರಾಯಿತು. ಅದು ಎರ್ರಿಸ್ವಾಮಿಯವರ ತಾಯಿಯ ಮನೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಇಡೀ ಕಚೇರಿ ಮೇಜು ಬಡಿದು ಕೇಕೆ ಹಾಕಿತು.

ಮೂರನೆಯ ದಿನ ಗಾಳಿ ನಿಂತ ಮೇಲೆ ಮನೆಗೆ ಹೋದೆ. ಬಾಗಿಲುಗಳೆಲ್ಲ ತೆರೆದಿದ್ದವು, ಬಿಸಿಲು ಒಳಗೆ ಬಿದ್ದಿತ್ತು. ಮಾವ ಒಳಕೋಣೆಯಲ್ಲಿ ಅಂಗಾತ ಮಲಗಿ ಎರಡೂ ಕೈ ತಲೆಯ ಕೆಳಗೆ ಇಟ್ಟುಕೊಂಡಿದ್ದರು. ನನ್ನ ಗಂಡ ನಡುಮನೆಯ ಧೂಳು ಗುಡಿಸುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಕೂಗಿದರು: "ಏನ್ರೀ, ರೊಟ್ಟಿ ಆಗ್ಯಾವ, ಏಳ್ರಿ."

ಮಾವ ಕದಲಲಿಲ್ಲ. "ಇವ್ರು ಅಂತ ಇಬ್ಬರದೀವಿ ಈ ಮನ್ಯಾಗ. ಯಾರನ್ನ ಕರಿಯಾಕತ್ತಿ ಅಂತ ತಿಳೀವಲ್ದು," ಎಂದು ನನಗೆ ಕಣ್ಣು ಮಿಟುಕಿಸಿದರು.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದರು. ನನ್ನ ಗಂಡನ ಪೊರಕೆ ನಿಂತಿತು.

"ಗಾದಿಲಿಂಗಪ್ಪ," ಎಂದರು ಅತ್ತೆ, ಈ ಸಲ ಮೆತ್ತಗೆ, "ರೊಟ್ಟಿ ಆರ್ತಾವ."

ಮಾವ ಯಾರ ಕೈಯನ್ನೂ ಹಿಡಿಯದೆ ತಾವೇ ಎದ್ದು ಊಟಕ್ಕೆ ಬಂದರು.